ಬರೀ ಹುಲ್ಲು ಕಣಮ್ಮ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರನ್ನು ಬೈಯುವುದಕ್ಕೆ ಬಾಯಿ ಸಲೀಸಾಗಿರುತ್ತದೆ.

ನನ್ನ ಹೆಸರು ನಲ್ಲಪ್ಪ. ಚಿಂತಾಮಣಿಯಲ್ಲಿ ಹೊರಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರಿಗೆ ಬರುವ ಖಾಸಗಿ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದವನು. ಇಷ್ಟು ವರ್ಷದಲ್ಲಿ ಒಂದು ಮನುಷ್ಯಜೀವಕ್ಕೂ ಗಾಲಿ ತಾಗಿಸಿದವನಲ್ಲ. ಒಂದು ಕೋಳಿ ಸತ್ತಿದೆ, ಸುಳ್ಳೇಕೆ ಹೇಳಲಿ. ಅದರ ಒಡತಿ ಬಸ್ಸಿನ ಮುಂದೆ ಕೂತು ಅರ್ಧ ಗಂಟೆ ಬೈದಿದ್ದು ಇನ್ನೂ ಕಿವಿಯಲ್ಲಿದೆ. ಕಣ್ಣಿಗೆ ಪೊರೆ ಬಂದು ಆಪರೇಷನ್ ಆದಮೇಲೆ ಮಾಲೀಕರು ಸಾಕು ಎಂದರು. ಮನೆಯಲ್ಲಿ ಕೂತು ಹೆಂಡತಿಯ ಅಡುಗೆಯಲ್ಲಿ ಉಪ್ಪು ಹುಡುಕುತ್ತಿದ್ದ ಕಾಲಕ್ಕೆ ಈ ಬಿಳಿ ಡಬ್ಬದ ಕೆಲಸ ಬಂತು.

ಬಿಳಿ ಡಬ್ಬ ಎಂದು ಹೆಸರಿಟ್ಟದ್ದು ನಾವು. ಅದರ ಮೈಮೇಲೆ ಉದ್ದನೆಯದೊಂದು ಸಂಸ್ಕೃತದ ಹೆಸರು ಬರೆದಿತ್ತು, ಅದನ್ನು ಪೂರ್ತಿ ಓದಿದವರನ್ನು ನಾನು ಕಾಣೆ. ಗೌರಿಬಿದನೂರು ರೈಲ್ವೆ ಸ್ಟೇಷನ್ನಿನಿಂದ ಕುಡುಮಲಕುಂಟೆಯ ಫ್ಯಾಕ್ಟರಿಗಳಿಗೆ ಎರಡನೇ ಪಾಳಿಗೆ ಹೋಗುವ ಹೆಣ್ಣುಮಕ್ಕಳು ಒಂದು ಬಸ್ಸು ಬಿಡಿ ಎಂದು ಆರು ವರ್ಷ ಅರ್ಜಿ ಕೊಟ್ಟಿದ್ದರು. ಪ್ರತಿ ಸಲವೂ ಬಂದ ಉತ್ತರ ಒಂದೇ, ಡ್ರೈವರುಗಳ ಕೊರತೆ. ಕೊನೆಗೆ ಸರ್ಕಾರದವರು ಡ್ರೈವರೇ ಬೇಡದ ಗಾಡಿ ತಂದರು. ಸ್ಟೀರಿಂಗಿಲ್ಲ, ಗೇರಿಲ್ಲ, ಹತ್ತು ಸೀಟು, ಸುತ್ತ ಗಾಜು. ಬ್ಯಾಟರಿಯದಾದ್ದರಿಂದ ಸದ್ದೂ ಇಲ್ಲ. ನಿಲ್ಲಲು ನೆರಳಿಲ್ಲದ ಬಸ್‌ಸ್ಟಾಪಿಗೆ ವಿಮಾನದಂಥ ಗಾಡಿ ಬಂತೆಂದು ಜನ ನಕ್ಕರು. ನಕ್ಕವರೇ ಹತ್ತಿಯೂ ನೋಡಿದರು.

ನನ್ನ ಕೆಲಸಕ್ಕೆ ಸುರಕ್ಷತಾ ಸಹಾಯಕ ಎಂದು ಹೆಸರು. ಮುಂದಿನ ಸೀಟಿನಲ್ಲಿ ಕೂರುವುದು, ಏನಾದರೂ ಎಡವಟ್ಟಾದರೆ ಮುಂದಿದ್ದ ಕೆಂಪು ಗುಂಡಿ ಒತ್ತುವುದು. ಮೂವತ್ತೊಂದು ವರ್ಷ ಎರಡು ಕೈ ಎರಡು ಕಾಲು ಬಳಸಿ ಮಾಡಿದ ಕೆಲಸವನ್ನು ಒಂದು ಬೆರಳಿಗೆ ಇಳಿಸಿದ್ದರು. ಆದರೂ ಹೋದೆ. ರಸ್ತೆಯ ಮೇಲಿರುವುದು ನನಗೆ ಅಷ್ಟು ಬೇಕಾಗಿತ್ತು.

ಗಾಡಿ ಮಾಡಿದ ಕಂಪನಿಯಿಂದ ಬಂದ ಇಂಜಿನಿಯರ್ ಸಂಘಮಿತ್ರ ನಮ್ಮ ಗೌರಿಬಿದನೂರಿನ ಹುಡುಗಿ, ಹೈಸ್ಕೂಲು ಮೇಷ್ಟರ ಮಗಳು. ಅವರ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಕೂತು ನಾನು ಎಷ್ಟೋ ಸಲ ಕಾಫಿ ಕುಡಿದಿದ್ದೇನೆ. ಯಾವುದನ್ನೂ ಊಹೆ ಮಾಡದೆ ಕೇಳಿ ಬರೆದುಕೊಳ್ಳುವ ಹುಡುಗಿ. ಅಂಥವಳ ಕೈಗೆ ನಾನು ಅರ್ಧ ಸತ್ಯ ಕೊಟ್ಟೆ, ಪೂರ್ತಿ ಕೊಟ್ಟೆನೆಂದು ನಂಬಿಕೊಂಡೇ ಕೊಟ್ಟೆ.

ಆದದ್ದು ಹೀಗೆ. ಡಿಸೆಂಬರಿನಲ್ಲಿ ನಮ್ಮ ಕಡೆ ರಾಗಿ ಕೊಯ್ಲು. ಕುಡುಮಲಕುಂಟೆಯ ಈಚೆಗಿನ ಹಳ್ಳಿಯವರಿಗೆ ಈಗ ಕಣ ಮಾಡುವುದಕ್ಕೆ ಬಯಲಿಲ್ಲ, ಇದ್ದ ಬಯಲಲ್ಲಿ ಶೆಡ್ಡುಗಳೆದ್ದಿವೆ. ಹಾಗಾಗಿ ಟಾರು ರಸ್ತೆಯೇ ಅವರ ಕಣ. ತೆನೆಸಮೇತ ರಾಗಿಯನ್ನು ರಸ್ತೆಗೆ ಹಾಸಿಬಿಡುತ್ತಾರೆ. ಹೋಗಿಬರುವ ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಗಾಲಿ ಉರುಳಿ ಕಾಳು ಉದುರುತ್ತದೆ. ಹೆಂಗಸರು ಹುಲ್ಲು ಒದರಿ ಬದಿಗೆ ತಳ್ಳಿ, ಕಾಳು ಗುಡಿಸಿ, ಹೊಸ ಹಾಸು ಹಾಸುತ್ತಾರೆ. ಕಾನೂನು ಏನನ್ನುತ್ತದೋ ಕಾನೂನಿನವರಿಗೆ ಗೊತ್ತು. ನಾವು ಉಂಡ ಮುದ್ದೆಯಲ್ಲಿ ನನ್ನ ಬಸ್ಸಿನ ಗಾಲಿಯ ಪಾಲೂ ಇದೆ.

ಪರೀಕ್ಷೆಗೆಂದು ಓಡಿಸಿದ ಮೊದಲ ದಿನ ಬಿಳಿ ಡಬ್ಬ ಆ ಹಾಸಿನ ಮುಂದೆ ಬಂದು ನಿಂತದ್ದು ನಲವತ್ತು ನಿಮಿಷ ಅಲ್ಲಾಡಲಿಲ್ಲ. ಮದುವೆಮನೆ ಬಾಗಿಲಲ್ಲಿ ಮುನಿಸಿಕೊಂಡ ಬೀಗರ ಹಾಗೆ ನಿಂತೇ ಇತ್ತು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಒಳಗಿದ್ದ ಫ್ಯಾಕ್ಟರಿಯ ಹುಡುಗಿಯರು ಇಳಿದು ನಡೆದುಕೊಂಡು ಹೋದರು. ಸಂಘಮಿತ್ರ ಮುಖ ಸಣ್ಣದು ಮಾಡಿಕೊಂಡು ನನ್ನನ್ನು ಕೇಳಿದಳು.

"ಅಂಕಲ್, ಇದರ ಮೇಲೆ ಹೋಗ್‌ಬೋದಾ?"

"ಬರೀ ಹುಲ್ಲು ಕಣಮ್ಮ. ಧಾರಾಳವಾಗಿ ಹೋಗ್ಲಿ. ಹೋಗ್ಲಿ ಅಂತಾನೇ ಹಾಸಿರೋದು."

ಮುಂದಿನ ಮೂರು ವಾರ ಅವಳು ಆ ರಸ್ತೆಯ ಸಾವಿರಾರು ಫೋಟೋ ತೆಗೆದಳು. ಬೆಳಗಿನ ಹುಲ್ಲು, ಸಂಜೆಯ ಹುಲ್ಲು, ಇಬ್ಬನಿಯ ಹುಲ್ಲು, ಗಾಲಿ ಉರುಳಿದ ಮೇಲಿನ ಹುಲ್ಲು. ನಾನು ಪಕ್ಕದಲ್ಲಿ ಕೂತು ಇದು ಹುಲ್ಲು, ಇದು ಕಲ್ಲು, ಇದು ಮೂಟೆ ಎಂದು ಬೆರಳಿಟ್ಟು ತೋರಿಸಿದೆ. ಮೊಣಕಾಲೆತ್ತರದ ಒಳಗಿನ ಹುಲ್ಲೆಲ್ಲ ರಸ್ತೆಯೇ ಎಂದು ಗಾಡಿಗೆ ಕಲಿಸಿದೆವು. ನಾಲ್ಕನೇ ವಾರಕ್ಕೆ ಅದು ಕಣದ ಮೇಲೆ ನೀರಿನ ಮೇಲೆ ಹೋದ ಹಾಗೆ ಹೋಯಿತು. ನಿಮ್ಮಿಂದ ಕಲಿಯಿತು ಅಂಕಲ್ ಎಂದು ಅವಳಂದಾಗ ನನ್ನ ಎದೆ ಎರಡು ಅಂಗುಲ ಉಬ್ಬಿತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಕಂಪ್ಯೂಟರಿಗೇ ಪಾಠ ಹೇಳಿದ ಡ್ರೈವರ್ ನಾನೊಬ್ಬನೇ ಎಂಬ ಜಂಬ.

ಆ ಜಂಬ ಇಳಿದದ್ದು ಒಂದು ಸೋಮವಾರ ಮಧ್ಯಾಹ್ನ. ಅಕ್ಕ ಮಂಗಮ್ಮನನ್ನು ಕೊಟ್ಟಿರುವುದು ಅದೇ ಹಳ್ಳಿಗೆ. ಅವರೇಕಾಯಿ ಕೊಡಲೆಂದು ಮೊಪೆಡ್ಡಿನಲ್ಲಿ ಹೋದೆ. ಕಣದಲ್ಲಿ ಯಾರೂ ಕಾಣಲಿಲ್ಲ. ಊಟಕ್ಕೆ ಹೋಗಿರಬೇಕೆಂದು ಮೈಲಿಗಲ್ಲಿನ ಮೇಲೆ ಕೂತೆ. ಅಷ್ಟರಲ್ಲಿ ಟ್ರ್ಯಾಕ್ಟರೊಂದು ಗಲಾಟೆ ಮಾಡಿಕೊಂಡು ಬಂತು. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಹುಲ್ಲು ಅಲ್ಲಾಡಿ ಅದರೊಳಗಿಂದ ನಮ್ಮಕ್ಕ ಎದ್ದು ಕೂತಳು. ತಲೆಗೂದಲ ತುಂಬ ರಾಗಿಹುಲ್ಲು. ಆಚೆ ಚಿಕ್ಕಮುನಿಯಮ್ಮ ಎದ್ದಳು, ಇನ್ನಿಬ್ಬರೂ ಎದ್ದರು. ಟ್ರ್ಯಾಕ್ಟರ್ ಹೋದ ಕೂಡಲೇ ಮತ್ತೆ ಹುಲ್ಲೆಳೆದುಕೊಂಡು ಮಲಗಿದರು.

ಇದು ನನಗೆ ಹೊಸದೇನಲ್ಲ. ಹೆಂಗಸರು ಬೆಳಗಿನ ನಾಲ್ಕಕ್ಕೆ ಎದ್ದಿರುತ್ತಾರೆ, ಉಂಡ ಮೇಲೆ ಅರ್ಧ ಗಂಟೆ ಒರಗುತ್ತಾರೆ. ಡಿಸೆಂಬರಿನ ಗಾಳಿ ಚುಚ್ಚುತ್ತದೆ, ಒದರಿದ ಹುಲ್ಲಿನೊಳಗೆ ಬೆಚ್ಚಗಿರುತ್ತದೆ. ಮನೆಗೆ ಹೋದರೆ ಕಾಳಿಗೆ ದನ ಬೀಳುತ್ತದೆ. ಮೂವತ್ತೊಂದು ಸುಗ್ಗಿ ಕಣ್ಣಾರೆ ನೋಡಿದ್ದೆ. ಮೂರು ವಾರ ಕೂತು ಹುಲ್ಲಿನ ಪಾಠ ಮಾಡುವಾಗ ಇದೊಂದು ಮಾತು ಬಾಯಿಗೆ ಬಂದಿರಲಿಲ್ಲ. ಫೋಟೋ ತೆಗೆಯಲು ಹೋದಾಗೆಲ್ಲ ಆ ಹೆಂಗಸರು ಎದ್ದು ಸೀರೆ ಸರಿಮಾಡಿಕೊಂಡು ನಿಂತಿರುತ್ತಿದ್ದರು. ಮಲಗಿದವರ ಫೋಟೋ ಒಂದೂ ಇರಲಿಲ್ಲ.

ಅಕ್ಕನನ್ನು ಎಬ್ಬಿಸಿ ಹೇಳಿದೆ. ಗುರುವಾರ ಆ ಗಾಡಿಯ ಉದ್ಘಾಟನೆ, ಅದು ಹುಲ್ಲಿನ ಮೇಲೇ ಹೋಗುತ್ತದೆ, ಇಲ್ಲಿ ಮಲಗಬೇಡ ಎಂದೆ. ಅವಳು ಆಕಳಿಸಿದಳು.

"ಏಮಿರಾ ನಲ್ಲಾ, ಮದುವೆ ಆಗಿ ಬಂದಾಗ್ಲಿಂದ ಇಲ್ಲೇ ಮಲಗ್ತಿದೀನಿ. ಗಾಡಿ ಬಂದ್ರೆ ಎಚ್ಚರ ಆಗ್ತದೆ ಕಣೋ."

"ಇದಕ್ಕೆ ಸದ್ದಿಲ್ಲ ಅಕ್ಕಯ್ಯ."

"ಸದ್ದಿಲ್ದೆ ಬರೋಕೆ ಅದೇನು ಕಳ್ಳನಾ?"

ಅವರೇಕಾಯಿ ತೆಗೆದುಕೊಂಡು ಮತ್ತೆ ಮಲಗಿದಳು. ಅವಳಿಗೆ ರಸ್ತೆಯ ಮೇಲಿದ್ದ ನಂಬಿಕೆಯನ್ನು ನೋಡಿ ನನಗೆ ಅಳು ಬಂತು.

ಸಂಜೆಯೇ ಸಂಘಮಿತ್ರಳಿಗೆ ಹೇಳಿದೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ, ಅದು ಅವಳ ದೊಡ್ಡತನ. ಆ ರಾತ್ರಿಯೇ ಕಂಪನಿಗೆ ಬರೆದಳು. ಉತ್ತರ ಬೆಳಿಗ್ಗೆ ಬಂತು. ಗಾಡಿ ಅರವತ್ನಾಲ್ಕು ಪರೀಕ್ಷೆಗಳಲ್ಲಿ ಪಾಸಾಗಿದೆ. ದನ, ನಾಯಿ, ಆಟೋ, ಚೆಂಡಿನ ಹಿಂದೆ ಓಡುವ ಮಗು, ಎಲ್ಲ ಪಟ್ಟಿಯಲ್ಲಿವೆ. ಹುಲ್ಲಿನ ಕೆಳಗೆ ಮಲಗಿದ ಮನುಷ್ಯ ಪಟ್ಟಿಯಲ್ಲಿಲ್ಲ. ಸೇರಿಸಬೇಕಾದರೆ ಸಮಿತಿ ಒಪ್ಪಬೇಕು, ಸಮಿತಿ ಸೇರುವುದು ಮಾರ್ಚಿನಲ್ಲಿ. ಅಷ್ಟರಲ್ಲಿ ಸುಗ್ಗಿಯೇ ಮುಗಿದು ಹುಲ್ಲು ದನದ ಹೊಟ್ಟೆಯಲ್ಲಿರುತ್ತದೆ.

ಯೋಜನೆಯ ಅಧಿಕಾರಿ ಮಧುಸೂದನ್ ಅವರ ಹತ್ತಿರ ಇಬ್ಬರೂ ಹೋದೆವು. ಕೆಟ್ಟ ಮನುಷ್ಯರೇನಲ್ಲ. ಕೂರಿಸಿ ಟೀ ತರಿಸಿದರು. ಉದ್ಘಾಟನೆ ಮುಂದೂಡಿ ಎಂದೆ. ಆಗುವುದಿಲ್ಲವಂತೆ. ಕಣದ ರಸ್ತೆ ಬಿಟ್ಟು ಬೇರೆ ದಾರಿಯಲ್ಲಿ ಓಡಿಸಿ ಎಂದೆ. ಅದಂತೂ ಆಗುವುದೇ ಇಲ್ಲವಂತೆ, ಏಕೆಂದರೆ ಹುಲ್ಲಿನ ಮೇಲೆ ಓಡುವುದೇ ಅವತ್ತಿನ ವಿಶೇಷ. ಸ್ಥಳೀಯ ಪರಿಸ್ಥಿತಿಗೆ ಹೊಂದಿಕೊಂಡ ವಾಹನ ಎಂದು ಪತ್ರಿಕೆಯವರಿಗೆ ಆಗಲೇ ಬರೆದುಕೊಟ್ಟಿದ್ದರು. ನಾನು ಕಲಿಸಿದ ಪಾಠ ನನ್ನೆದುರಿಗೇ ಬಂದು ಕೂತಿತ್ತು. ಮಾಡಿದ್ದುಣ್ಣೋ ಮಹರಾಯ.

ಏನಾದರೂ ಹೆಚ್ಚುಕಮ್ಮಿಯಾದರೆ ಹೊಣೆ ಯಾರದು ಸಾರ್ ಎಂದು ಕೇಳಿದೆ. ಬಸ್ಸು ಗುದ್ದಿದರೆ ಡ್ರೈವರನ್ನು ಹಿಡಿಯುತ್ತಾರೆ, ನನಗೆ ಗೊತ್ತಿರುವ ನ್ಯಾಯ ಅದು. ಇಲ್ಲಿ ಯಾರನ್ನು ಹಿಡಿಯಬೇಕು? ಆ ಬಗ್ಗೆ ನೀತಿ ರೂಪಿಸಲಾಗುತ್ತಿದೆ ಎಂದರು. ನೀತಿ ಬರುವ ಮೊದಲು ಗಾಡಿ ಬಂದಿದೆಯಲ್ಲ ಎಂದೆ. ಪ್ರಯೋಗ ಮಾಡದೆ ನೀತಿ ಹೇಗೆ ಮಾಡುವುದು ಎಂದು ನಕ್ಕರು. ಯಾರ ಮೇಲೆ ಪ್ರಯೋಗ ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ಸಂಘಮಿತ್ರ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಗುರುವಾರ ಹತ್ತು ಗಂಟೆಗೆ ಗಾಡಿ ಬರುತ್ತದೆ, ಹನ್ನೊಂದರವರೆಗೆ ಯಾರೂ ರಸ್ತೆಗಿಳಿಯಬಾರದೆಂದು ಪಂಚಾಯ್ತಿಯಿಂದ ಹೇಳಿಸುತ್ತೇವೆ ಎಂದರು. ನಾನು ಒಪ್ಪಿದೆ. ಹತ್ತು ಗಂಟೆಗೆ ಯಾರೂ ಮಲಗುವುದಿಲ್ಲ.

ಆದರೆ ಸರ್ಕಾರದ ಹತ್ತು ಗಂಟೆ ಯಾವಾಗ ಹತ್ತು ಗಂಟೆಗೆ ಬಂದಿದೆ? ಗುರುವಾರ ಮಧುಸೂದನ್ ಸಾಹೇಬರು ಚಿಕ್ಕಬಳ್ಳಾಪುರದ ಮೀಟಿಂಗು ಮುಗಿಸಿ ಗೌರಿಬಿದನೂರು ಸ್ಟೇಷನ್ ಮುಂದೆ ಇಳಿದಾಗ ಒಂದು ಗಂಟೆ ಹತ್ತು ನಿಮಿಷ. ನಾನು ಅಲ್ಲಿಂದಲೇ ಅಕ್ಕನ ಮಗನಿಗೆ ಫೋನು ಮಾಡಿದೆ. ಅವನು ಫ್ಯಾಕ್ಟರಿಯ ಪಾಳಿಯಲ್ಲಿದ್ದ, ಎತ್ತಲಿಲ್ಲ. ಪಂಚಾಯ್ತಿಯವರಿಗೆ ಮಾಡಿದೆ. ಹನ್ನೊಂದಕ್ಕೇ ಜನರನ್ನು ಬಿಟ್ಟುಬಿಟ್ಟೆವು, ನೀವಿನ್ನೂ ಹೊರಟಿಲ್ಲವಾ ಎಂದು ಅವರೇ ನನ್ನನ್ನು ಕೇಳಿದರು. ಸಾಹೇಬರಿಗೆ ಹೇಳಹೋದೆ, ಈಗಲೇ ತಡವಾಗಿದೆ ಹತ್ತಿ ಎಂದರು.

ಗಾಡಿಯ ಒಳಗೆ ಇನ್ನೊಂದು ಕಾದಿತ್ತು. ನನ್ನ ಸೀಟು ನನಗಿರಲಿಲ್ಲ. ಮುಂದೆ ಯಾರೂ ಕೂರದಿದ್ದರೇ ಚಿತ್ರ ಚೆನ್ನಾಗಿ ಬರುವುದೆಂದು ಅದನ್ನು ಖಾಲಿ ಬಿಟ್ಟು, ಕೆಂಪು ಗುಂಡಿಗೆ ಮುಚ್ಚಳ ಹಾಕಿ, ಅದರ ಸಂಪರ್ಕವನ್ನೂ ಆ ದಿನದ ಮಟ್ಟಿಗೆ ತೆಗೆದಿದ್ದರು. ನಿಲ್ಲಿಸುವ ಅಧಿಕಾರ ಸಂಘಮಿತ್ರಳ ಕೈಯ ಟ್ಯಾಬಿಗೆ ಮಾತ್ರ. ನನ್ನನ್ನು ಹಿಂದಿನ ಸೀಟಿಗೆ ತಳ್ಳಿದರು. ಸಾಹೇಬರು, ಇಬ್ಬರು ವರದಿಗಾರರು, ಸಾಹೇಬರ ಗುಮಾಸ್ತ ಮಧ್ಯೆ ಕೂತರು. ಹಿಂದೆ ಸಾಹೇಬರ ಜೀಪು, ಅದರ ಡ್ರೈವರ್ ಕೋನಪ್ಪ ನನ್ನ ಹಳೆಯ ಗೆಳೆಯ. ವಿಡಿಯೋ ಆಗುತ್ತಿದೆ, ಹಿಂದಿನಿಂದ ಯಾವ ಸದ್ದೂ ಮಾಡಕೂಡದೆಂದು ಅವನಿಗೆ ಮೊದಲೇ ತಾಕೀತು ಆಗಿತ್ತು.

ಕಣ ಕಂಡಿತು. ರಸ್ತೆಯುದ್ದಕ್ಕೂ ಫರ್ಲಾಂಗು ದೂರ ಹಾಸಿದ ಹುಲ್ಲು, ಎಡಬದಿಗೆ ಒದರಿ ಹರಡಿದ ಮೆತ್ತನೆಯ ದಿಂಡು. ಒಬ್ಬ ಮನುಷ್ಯನೂ ಇಲ್ಲ. ಪೊರಕೆಗಳು ಬಿದ್ದಿವೆ, ಒಂದು ಮರದ ಬುಡದಲ್ಲಿ ಉಂಡ ತಟ್ಟೆಗಳು ತೊಳೆದು ಕವುಚಿವೆ. ನಾಲ್ಕು ತಟ್ಟೆ. ನನ್ನ ಕಣ್ಣು ಆ ತಟ್ಟೆಗಳ ಮೇಲೆ ನಿಂತುಬಿಟ್ಟಿತು.

ಸಾಹೇಬರು ವರದಿಗಾರರಿಗೆ ಈಗ ನೋಡಿ ಎಂದರು. ಗಾಡಿ ಹುಲ್ಲಿನ ಮೇಲೇರಿತು, ಒಂದಿಷ್ಟೂ ಕುಲುಕಲಿಲ್ಲ. ಏರಿದ್ದೇ ಎಡಕ್ಕೆ ವಾಲಿತು. ನಿಯಮ ಹಾಗಿದೆ, ಎಡಬದಿಯಲ್ಲಿ ಹೋಗಬೇಕು. ಆಗ ನನಗೆ ಹೊಳೆಯಿತು. ಇಷ್ಟು ವರ್ಷ ನಾವು ಯಾವ ಡ್ರೈವರೂ ಕಣದ ಮೇಲೆ ಎಡಕ್ಕೆ ಹೋದವರಲ್ಲ. ಬದಿಯ ಮೆತ್ತನೆ ಹುಲ್ಲನ್ನು ಮಲಗುವವರಿಗೆ ಬಿಟ್ಟು ನಟ್ಟನಡುವೆ ಹೋಗುತ್ತಿದ್ದೆವು. ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ, ನಾವೂ ಯಾರಿಗೂ ಹೇಳಿರಲಿಲ್ಲ.

"ನಿಲ್ಸಮ್ಮಾ," ಎಂದೆ.

ಸಂಘಮಿತ್ರ ತಿರುಗಿದಳು. ಟ್ಯಾಬಿನಲ್ಲಿ ದಾರಿ ಹಸಿರಾಗಿತ್ತು. ಏನೂ ಇಲ್ಲ, ಮುಂದೆ ನಡೀಲಿ ಎಂದರು ಸಾಹೇಬರು. ನಾನು ಎದ್ದು ಸೀಟು ಹಿಡಿದು ಮುಂದೆ ಬಂದೆ.

"ಯಾರಾದ್ರೂ ಕಂಡ್ರಾ ಅಂಕಲ್?"

"ಕಾಣಲಿಲ್ಲ ಕಣಮ್ಮ. ಗೊತ್ತು."

ಅವಳ ಹೆಬ್ಬೆರಳು ಟ್ಯಾಬಿನ ಮೇಲಿತ್ತು. ಒಂದು ಕಡೆ ಅರವತ್ನಾಲ್ಕು ಪರೀಕ್ಷೆ, ಅವಳ ಕಂಪನಿ, ಅವಳ ನೌಕರಿ. ಇನ್ನೊಂದು ಕಡೆ ಪೊರೆ ತೆಗೆಸಿಕೊಂಡ ಮುದುಕನೊಬ್ಬನ ಬಾಯಿಮಾತು. ಅದೂ ಒಂದು ಸಲ ತಪ್ಪು ಹೇಳಿದ ಬಾಯಿ. ಅವಳು ಒತ್ತಿದಳು.

ಗಾಡಿ ನಿಂತಿತು, ಬಾಗಿಲು ತೆರೆಯಿತು. ನಾನು ಹಾರಿ ಇಳಿದು ಗಾಲಿಯ ಮುಂದಿನ ಹುಲ್ಲನ್ನು ಎರಡೂ ಕೈಯಲ್ಲಿ ಬಾಚಿ ಎಸೆದೆ. ಕೆಳಗೆ ಟಾರು. ಇನ್ನಷ್ಟು ಬಾಚಿದೆ. ಟಾರು, ನಾಲ್ಕು ಕಾಳು. ಆಚೆಯ ದಿಂಡು ಕೆದರಿದೆ, ಅಲ್ಲೂ ಏನಿಲ್ಲ. ವರದಿಗಾರನೊಬ್ಬ ನಗು ತಡೆಯಲಾರದೆ ಕ್ಯಾಮೆರಾ ಕೆಳಗಿಳಿಸಿದ. ಅಕ್ಕಯ್ಯಾ ಎಂದು ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಹುಲ್ಲು ಅಲ್ಲಾಡಲಿಲ್ಲ.

ಸಾಹೇಬರು ಮೆತ್ತಗೆ, ವಯಸ್ಸಾದವರಿಗೆ ಹೇಳುವ ಹಾಗೆ ಹೇಳಿದರು. ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಯಂತ್ರ ಸರಿಯಾಗಿತ್ತು, ಮನುಷ್ಯ ತಪ್ಪಿದ, ಈ ಯೋಜನೆ ಯಾಕೆ ಬೇಕೆಂಬುದಕ್ಕೆ ಇದೇ ಸಾಕ್ಷಿ. ಆ ಮಾತನ್ನು ವರದಿಗಾರರು ಬರೆದುಕೊಂಡರು. ನನಗೇ ನನ್ನ ಮೇಲೆ ಅನುಮಾನ ಬಂತು. ಅಕ್ಕ ಈಗ ಮನೆಯಲ್ಲಿ ಅವರೇಕಾಳು ಹಿಚುಕುತ್ತಾ ಕೂತಿರಬಹುದು, ನಾನಿಲ್ಲಿ ಹುಚ್ಚನಾಗಿದ್ದೇನೆ. ಆದರೆ ನಾಲ್ಕು ತಟ್ಟೆ? ತಟ್ಟೆ ಬಿಟ್ಟು ಮನೆಗೆ ಹೋಗುವ ಹೆಂಗಸರನ್ನು ನಾನು ಕಂಡಿಲ್ಲ.

ಗಾಡಿ ಮತ್ತೆ ಹೊರಡಬೇಕಿತ್ತು. ನಾನು ಅದರ ಎದುರಿಗೆ ಹೋಗಿ ನಿಂತೆ. ನಿಂತ ಮನುಷ್ಯ ಅದಕ್ಕೆ ಕಾಣುತ್ತಾನೆ, ಪಟ್ಟಿಯಲ್ಲಿದ್ದಾನೆ. ಟ್ಯಾಬು ಕೆಂಪಾಯಿತು. ಅದರ ಗಾಜಿನ ಮೂತಿಗೆ ಬೆನ್ನು ಕೊಟ್ಟು ನಿಂತು, ಫರ್ಲಾಂಗುದ್ದದ ಹುಲ್ಲನ್ನೂ ನಾನು ಕಾಲಲ್ಲಿ ಕೆದರಿಕೊಂಡು ಮುಂದೆ ನಡೆಯುತ್ತೇನೆ, ಆಮೇಲೆ ಬರಲಿ ಎಂದೆ. ಸಾಹೇಬರ ತಾಳ್ಮೆ ಮುಗಿಯಿತು. ಗುಮಾಸ್ತನೂ ಒಬ್ಬ ವರದಿಗಾರನೂ ಬಂದು ನನ್ನ ತೋಳು ಹಿಡಿದರು. ಎಳೆದು ರಸ್ತೆಯ ಬಲಕ್ಕೆ ತಂದರು. ಟ್ಯಾಬು ಹಸಿರಾಯಿತು. ಗಾಡಿ ಇಷ್ಟಿಷ್ಟೇ ಸರಿಯತೊಡಗಿತು, ಒಂದು ಗಜ, ಎರಡು ಗಜ. ಸಂಘಮಿತ್ರ ಒಳಗಿಂದ ನನ್ನನ್ನೇ ನೋಡುತ್ತಿದ್ದಳು. ಅವಳು ಇನ್ನೊಂದು ಸಲ ನಿಲ್ಲಿಸುವಂತೆ ಮಾಡಲು ನನ್ನ ಹತ್ತಿರ ಯಾವ ಮಾತೂ ಉಳಿದಿರಲಿಲ್ಲ.

ಆಗ ಕೋನಪ್ಪ ಕಂಡ. ಜೀಪು ಕಣಕ್ಕೆ ಹತ್ತುವುದರಲ್ಲಿತ್ತು. ಅವನು ಮುಂದಿನ ಹುಲ್ಲು ನೋಡುತ್ತಾ ಕೂತಿದ್ದ. ಅವನ ಎಡಗೈ ಸ್ಟೀರಿಂಗ್ ಮೇಲಿತ್ತು. ಬಲಗೈ ತಾನಾಗಿ ಮೇಲೆದ್ದು ಹಾರನ್ನಿನ ಮೇಲೆ ಹೋಗಿ, ತಾಕೀತು ನೆನಪಾಗಿ, ಒತ್ತದೆ ಹಾಗೇ ನಿಂತಿತ್ತು. ಆ ಕೈ ನನಗೆ ಗೊತ್ತು. ಮೂವತ್ತೊಂದು ವರ್ಷ ನನ್ನ ತೋಳಿನ ತುದಿಯಲ್ಲಿದ್ದದ್ದು ಅದೇ ಕೈ. ಕಣ ಕಂಡ ಕೂಡಲೇ ಎರಡು ಸಲ ಒತ್ತುತ್ತಿತ್ತು, ನನ್ನನ್ನು ಕೇಳುತ್ತಲೇ ಇರಲಿಲ್ಲ. ನಾನು ಒತ್ತುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ. ಅಕ್ಕ ಎಚ್ಚರವಾಗುತ್ತೇನೆ ಎಂದಿದ್ದು ಅದಕ್ಕೆ. ಅವಳು ಹೆಸರು ಕರೆದರೆ ಏಳುವವಳಲ್ಲ, ಇಂಜಿನ್ನಿಗೆ ಏಳುವವಳೂ ಅಲ್ಲ. ಸೋಮವಾರದ ಟ್ರ್ಯಾಕ್ಟರಿನವನೂ ಹಾರನ್ ಒತ್ತಿಯೇ ಬಂದಿದ್ದ.

"ಕೋನಪ್ಪಾ, ಹಾರನ್ ಹೊಡಿಯೋ!"

ಅವನು ಸಾಹೇಬರ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಎರಡು ಸಲ ಒತ್ತಿದ.

ಇಪ್ಪತ್ತು ಹೆಜ್ಜೆ ಮುಂದೆ ಎಡಬದಿಯ ಹುಲ್ಲು ಸೀಳಿ ಚಿಕ್ಕಮುನಿಯಮ್ಮ ಎದ್ದು ಕೂತಳು. ಅವಳ ಪಕ್ಕದಲ್ಲಿ ಇನ್ನೊಬ್ಬಳು. ಅದರಾಚೆ ಮತ್ತೊಬ್ಬಳು. ಕಣ್ಣುಜ್ಜಿಕೊಂಡು, ಮುಖದ ಹುಲ್ಲು ಒರೆಸಿಕೊಂಡು, ಗಾಡಿ ಎಲ್ಲಿ ಎಂದು ನೋಡುತ್ತಿದ್ದರು. ನನ್ನ ತೋಳು ಹಿಡಿದಿದ್ದ ಕೈಗಳು ಸಡಿಲವಾದವು. ಸಂಘಮಿತ್ರ ಗಾಡಿ ನಿಲ್ಲಿಸಿದಳು.

ನಾನು ಎಣಿಸಿದೆ. ಮೂರು. ಮತ್ತೆ ಎಣಿಸಿದೆ. ತಟ್ಟೆ ನಾಲ್ಕು, ತಲೆ ಮೂರು. "ಇನ್ನೊಂದ್ಸಲ ಕಣೋ," ಎಂದೆ. ಕೋನಪ್ಪ ಈ ಸಲ ಒತ್ತಿದ ಕೈ ಎತ್ತಲೇ ಇಲ್ಲ.

ಗಾಡಿಯ ಎಡ ಗಾಲಿಯ ಮುಂದೆ, ಒಂದು ಗೇಣಿನಷ್ಟು ಮುಂದೆ, ಹುಲ್ಲು ಅಲ್ಲಾಡಿತು. ಮೊದಲು ಒಂದು ಬಳೆಗೈ ಬಂತು. ಆ ಕೈಯನ್ನು ಗಾಡಿಯ ಮೂತಿಗೆ ಊರಿಕೊಂಡು, ಗೋಡೆ ಹಿಡಿದು ಏಳುವ ಹಾಗೆ, ನಮ್ಮಕ್ಕ ಎದ್ದಳು. ಗಾಜಿನ ಒಳಗಿದ್ದ ಸಾಹೇಬರನ್ನೂ ಅವಳನ್ನೂ ಬೇರೆ ಮಾಡಿದ್ದು ಎರಡು ಮೊಳ ಜಾಗ. ಅವಳು ಒಳಗಿನ ಖಾಲಿ ಸೀಟನ್ನು ಒಂದು ಗಳಿಗೆ ನೋಡಿದಳು. ಡ್ರೈವರನ್ನು ಬೈಯಬೇಕೆಂದು ಬಾಯಿ ತೆರೆದಿದ್ದವಳು ಯಾರನ್ನು ಬೈಯಬೇಕೆಂದು ತಿಳಿಯದೆ ಸುಮ್ಮನಾದಳು.

ನಾನು ಹೋಗಿ ಅವಳನ್ನು ತಬ್ಬಿಕೊಂಡು ರಸ್ತೆಯ ಮೇಲೇ ಕೂತುಬಿಟ್ಟೆ. ಅರವತ್ತೆರಡು ವರ್ಷದ ಗಂಡಸು ಹತ್ತು ಜನರ ಮುಂದೆ ಬಿಕ್ಕಿದೆ. ನಾಚಿಕೆಯೇನೂ ಆಗಲಿಲ್ಲ. ಏನಾಯ್ತೋ, ಯಾಕೋ ಅಳ್ತೀಯ ಎಂದು ಅಕ್ಕ ನನ್ನ ತಲೆ ಸವರುತ್ತಿದ್ದಳು.

ಸಾಹೇಬರು ಇಳಿದರು. ಬೆವರೊರೆಸಿಕೊಂಡರು, ನೀರು ಕುಡಿದರು. ಅವರೂ ನಡುಗಿದ್ದರು, ಇಲ್ಲವೆನ್ನಲಾರೆ. ಆದರೆ ನಡುಕ ನಿಂತ ಮೇಲೆ ಅವರು ಮೊದಲು ಆಡಿದ ಮಾತು ಗುಮಾಸ್ತನಿಗೆ. ನಾಳೆಯಿಂದ ಈ ರಸ್ತೆಯಲ್ಲಿ ಬೆಳೆ ಹಾಸುವುದನ್ನು ನಿಷೇಧಿಸಿ ಆದೇಶ ತಯಾರಿಸಬೇಕಂತೆ. ನೆಗಡಿ ಬಂತೆಂದು ಮೂಗು ಕೊಯ್ಯುವವರಿಗೆ ಏನು ಹೇಳುವುದು? ಅದೂ ಇನ್ನೊಬ್ಬರ ಮೂಗು. ಚಿಕ್ಕಮುನಿಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹಾಗಾದರೆ ಕಣ ನಿಮ್ಮ ಆಫೀಸಿನಲ್ಲಿ ಮಾಡೋಣವೇ ಎಂದು ಕೇಳಿದಳು. ಸಾಹೇಬರು ಜೀಪು ಹತ್ತಿದರು. ಕೋನಪ್ಪ ಹುಲ್ಲಿನ ನಟ್ಟನಡುವೆ, ಎರಡು ಸಲ ಹಾರನ್ ಹೊಡೆದು, ಅವರನ್ನು ಕರೆದುಕೊಂಡು ಹೋದ.

ಸಂಘಮಿತ್ರ ರಸ್ತೆಯಂಚಿನಲ್ಲಿ ನನ್ನ ಪಕ್ಕ ಬಂದು ಕೂತಳು. ಬರೆಯಲು ನೋಟುಬುಕ್ಕು ತೆಗೆದಳು. ಎಡಕ್ಕೆ ಹೋಗಬಾರದು ಎಂದು ಬರೆದಳು. ಹಾರನ್ ಎಂದು ಬರೆದಳು. ಕೆಳಗೆ ಇನ್ನೂ ಅರ್ಧ ಪುಟ ಖಾಲಿ ಇತ್ತು.

"ಇನ್ನೇನೇನು ಹೇಳಿಲ್ಲ ಅಂಕಲ್ ನೀವು?"

ಅವಳು ಜಗಳಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ನಾನು ಮನಸ್ಸಿನಲ್ಲಿ ಚಿಂತಾಮಣಿಯಿಂದ ಬಸ್ಸು ಹೊರಡಿಸಿದೆ. ಒಂದೊಂದು ತಿರುವು, ಒಂದೊಂದು ಸ್ಟಾಪು, ಒಂದೊಂದು ಸಂತೆ ನೆನೆಸಿಕೊಂಡೆ. ಎಲ್ಲಿ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು, ಎಲ್ಲಿ ಕೈ ತಾನಾಗಿ ತಿರುಗುತ್ತಿತ್ತು ಎಂದು ಹುಡುಕಿದೆ. ಗೌರಿಬಿದನೂರಿನವರೆಗೂ ಬಂದೆ. ನನಗೆ ಒಂದೂ ನೆನಪಾಗಲಿಲ್ಲ.

"ಗೊತ್ತಿಲ್ಲ ಕಣಮ್ಮ," ಎಂದೆ. "ಅದೇ ಭಯ ನಂಗೆ."

ಅವಳು ಅದನ್ನೂ ಬರೆದುಕೊಂಡಳು.